ಉಕಾರದ ಬಾಲ

ಹೋದ ಭಾನುವಾರ ಹಳೇ ಫೋನಿನಿಂದ ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಸಾಗಿಸುತ್ತಾ ಕೂತಿದ್ದೆ. ಮಧ್ಯೆ ಒಂದು ಆಡಿಯೋ ಫೈಲು ಸಿಕ್ಕಿತು. ಹೆಸರಿಲ್ಲ, ಬರೀ ನಂಬರು. 2014ರ ಆಗಸ್ಟ್ ತಿಂಗಳದ್ದು. ಎರಡು ನಿಮಿಷಕ್ಕೂ ಕಮ್ಮಿ. ಯಾವುದೋ ಕ್ಲಾಸಿನ ರೆಕಾರ್ಡಿಂಗ್ ಇರಬೇಕು ಅಂದುಕೊಂಡು, ಅಳಿಸುವ ಮುಂಚೆ ಸುಮ್ನೆ ಒಮ್ಮೆ ಒತ್ತಿದೆ. ಆಮೇಲೆ ಅವತ್ತು ಬೇರೆ ಏನೂ ಕೆಲಸ ಆಗಲಿಲ್ಲ.

ಅದರಲ್ಲಿ ಹಾಡುತ್ತಿರುವುದು ನಾವು 24 ಜನ. ಬೆಂಗಳೂರಿನ ಒಂದು ಯೂನಿವರ್ಸಿಟಿಯ ಕ್ವಾಯರು, ಅಂದರೆ ಒಟ್ಟಿಗೆ ಹಾಡುವ ತಂಡ. ಜಾಗ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್, ಅದರ ಗುಮ್ಮಟದ ನೇರ ಕೆಳಗೆ. ಹಾಡು ಮಾತ್ರ ಹಾಸನದ ಕಡೆಯ ಒಂದು ಜೋಗುಳ.

ನಾನು ಕ್ವಾಯರಿಗೆ ಸೇರಿದ್ದು ಸಂಗೀತದ ಮೇಲಿನ ಪ್ರೀತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಎಂಎಸ್ಸಿ ಮೊದಲ ವರ್ಷ. ಹಾಜರಾತಿ ಸ್ವಲ್ಪ ಕಮ್ಮಿ ಇತ್ತು. ಕಲ್ಚರಲ್ ತಂಡದಲ್ಲಿದ್ದರೆ ಅದನ್ನು ಹೇಗೋ ಸರಿ ಮಾಡುತ್ತಾರೆ ಅಂತ ಸೀನಿಯರ್ ಒಬ್ಬ ಹೇಳಿದ. ಹೋದೆ. ಟೆನರ್, ಅಂದರೆ ಗಂಡಸರ ಎತ್ತರದ ದನಿ, ಹಾಡುವ ಹುಡುಗರು ಯಾವ ಕ್ವಾಯರಿಗೂ ಸಾಕಾಗುವಷ್ಟು ಸಿಗುವುದಿಲ್ಲವಂತೆ, ಹಾಗಾಗಿ ನನ್ನನ್ನು ಎರಡು ಸ್ವರ ಹಾಡಿಸಿ ತಕ್ಷಣ ಸೇರಿಸಿಕೊಂಡುಬಿಟ್ಟರು. ಹಾಡಲು ಬರುತ್ತಾ ಅಂತ ಯಾರೂ ಗಟ್ಟಿಯಾಗಿ ಕೇಳಲೂ ಇಲ್ಲ.

ನನ್ನ ಸಂಗೀತ ಅಂದರೆ ಚಾಮರಾಜಪೇಟೆಯ ನಮ್ಮ ಮನೆ ಹತ್ತಿರದ ಭಜನಾ ಮಂಡಳಿ. ಅಜ್ಜಿ ತಾಳ ಹಿಡಿದು ಕೂರುತ್ತಿದ್ದರು, ನಾನು ಪಕ್ಕದಲ್ಲಿ. ಬೇಸಿಗೆ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳು. ಕೊನೇ ಸಾಲಿನ ಕುರ್ಚಿ, ಪಕ್ಕದಲ್ಲಿ ರಸ್ತೆ, ಪಲ್ಲವಿಯ ನಡುವೆ ಆಟೋ ಹಾರ್ನು. ಭಜನೆಯಲ್ಲಿ ನಿಯಮ ಒಂದೇ: ಯಾರ ಗಂಟಲು ದೊಡ್ಡದೋ ಅವರ ಭಕ್ತಿ ದೊಡ್ಡದು. ಕ್ವಾಯರಿನ ಮೊದಲ ದಿನವೇ ಅದನ್ನೇ ಮಾಡಿದೆ. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ನಿನ್ನ ದನಿ ನಿನಗೇ ಚೆನ್ನಾಗಿ ಕೇಳಿಸ್ತಾ ಇದೆಯೇನಪ್ಪಾ?" ಅಂದರು. ಹೂಂ ಅಂದೆ, ಹೆಮ್ಮೆಯಿಂದಲೇ. "ಹಾಗಾದ್ರೆ ಜಾಸ್ತಿ ಆಯ್ತು."

ಮೇಷ್ಟ್ರ ಬಗ್ಗೆ ಒಂದೆರಡು ಮಾತು. ಅರವತ್ತು ದಾಟಿದ್ದರು. ಕಾರ್ಪೊರೇಷನ್ ಎದುರಿನ ಹಡ್ಸನ್ ಚರ್ಚಿನ ಕನ್ನಡ ಆರಾಧನೆಯಲ್ಲಿ ಹಾಡಿಕೊಂಡು ಬೆಳೆದವರು. 1904ರ ಆ ಕಲ್ಲಿನ ಕಟ್ಟಡದ ಮುಂದೆ ನಾವೆಲ್ಲ ಸಿಗ್ನಲ್ಲಿಗೆ ನಿಂತು ಬೈದುಕೊಂಡಿರುತ್ತೇವೆ, ಒಳಗೆ ಕನ್ನಡದಲ್ಲಿ ನಾಲ್ಕು ದನಿಯ ಹಾಡು ನಡೆಯುತ್ತಿರುತ್ತದೆ ಅಂತ ನನಗೆ ಇವರನ್ನು ನೋಡುವ ತನಕ ಗೊತ್ತೇ ಇರಲಿಲ್ಲ. ಸಿಟ್ಟು ಬಂದರೆ ಅಚ್ಚ ಬೆಂಗಳೂರು ಕನ್ನಡ, ಸಮಾಧಾನವಾಗಿದ್ದಾಗ ಇಂಗ್ಲಿಷು. ನಮ್ಮ ಪ್ರಾಕ್ಟೀಸು ಪೂರ್ತಿ ಕನ್ನಡದಲ್ಲೇ ನಡೆಯುತ್ತಿತ್ತು.

ಅವರ ಸಿಟ್ಟಿಗೆ ಕಾರಣ ಒಂದೇ ಒಂದು ಅಕ್ಷರ. ಉ.

ನೋಡಿ, ನಾವು ಕನ್ನಡದವರು ಯಾವ ಪದವನ್ನೂ ವ್ಯಂಜನದ ಮೇಲೆ ಒಂಟಿಯಾಗಿ ಬಿಟ್ಟು ಬರುವುದಿಲ್ಲ. ಪಾಪ, ಬಿದ್ದುಹೋದೀತು ಅನ್ನುವ ಹಾಗೆ ಹಿಂದೆ ಒಂದು ಉಕಾರ ಆನಿಸಿಬಿಡುತ್ತೇವೆ. ಬಸ್ಸು, ಕಾರು, ಲೈಟು, ಪೆನ್ನು. ಇದು ಇವತ್ತಿನ ಚಾಳಿ ಅಲ್ಲ. ಹಳಗನ್ನಡದ ಕಣ್ ಹೋಗಿ ಕಣ್ಣು ಆಯಿತು, ಕಾಲ್ ಹೋಗಿ ಕಾಲು ಆಯಿತು, ಪಾಲ್ ಹೋಗಿ ಹಾಲು ಆಯಿತು. (ಈ ಲೆಕ್ಕದಲ್ಲಿ ಸೇಂಟ್ ಪಾಲ್ ಅವರು ಸೇಂಟ್ ಹಾಲು ಆಗಬೇಕಿತ್ತು ಅಂತ ಕೆಳದನಿಯ ನಮ್ಮ ಬೇಸ್ ಗುಂಪಿನವನೊಬ್ಬ ಹೇಳಿ ಬೈಸಿಕೊಂಡಿದ್ದ.) ಸಾವಿರ ವರ್ಷದ ಅಭ್ಯಾಸ, ಮಂಗಳವಾರ-ಗುರುವಾರ ಸಂಜೆಯ ಪ್ರಾಕ್ಟೀಸಿನಲ್ಲಿ ಹೋಗುತ್ತದಾ?

ನಾವು ಕಲಿಯುತ್ತಿದ್ದದ್ದು ಇಂಗ್ಲೆಂಡಿನ ಸಂಗೀತಕಾರ ಥಾಮಸ್ ಟ್ಯಾಲಿಸ್‌ನ 'ಇಫ್ ಯೀ ಲವ್ ಮಿ'. ಎರಡು ನಿಮಿಷದ ಪುಟ್ಟ ಹಾಡು, ಮಾತು ಯೋಹಾನನ ಸುವಾರ್ತೆಯದ್ದು. ಅಚ್ಚಾದದ್ದು 1565ರಲ್ಲಿ. ಪುರಂದರದಾಸರು ತೀರಿಕೊಂಡದ್ದು 1564 ಅನ್ನುತ್ತಾರೆ, ಅಂದರೆ ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲದವರು. ಇಂಗ್ಲೆಂಡಿನ ಚರ್ಚು ಲ್ಯಾಟಿನ್ ಬಿಟ್ಟು ಜನ ಆಡುವ ಮಾತಿಗೆ ಬಂದ ಕಾಲ ಅದು. ಒಂದು ಅಕ್ಷರಕ್ಕೆ ಒಂದು ಸ್ವರ, ಕೇಳಿದವರಿಗೆ ಮಾತು ಅರ್ಥವಾಗಬೇಕು, ಎಳೆದಾಟ ಬೇಡ ಅಂತ ಮೇಲಿನವರ ಅಪೇಕ್ಷೆ. ಟ್ಯಾಲಿಸ್ ಅಷ್ಟು ಕಟ್ಟುಪಾಡಿನ ಒಳಗೇ ಹಾಡು ಮಾಡಿದ. ನಾಲ್ಕು ದನಿ ಒಟ್ಟಿಗೆ ಹೊರಡುತ್ತವೆ, ಆಮೇಲೆ ಒಂದರ ಹಿಂದೆ ಒಂದು ಬರುತ್ತವೆ, ಮನೆಗೆ ಬಂದ ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ.

ಕೊನೇ ಪದ 'ಟ್ರೂಥ್'. ಸತ್ಯ. ನಮ್ಮ ಬಾಯಲ್ಲಿ ಅದು 'ಟ್ರೂ-ತು'. ಹಾಡಿನ ದ್ವಿತೀಯಾರ್ಧ ಎರಡು ಸಲ ಬರುವುದರಿಂದ ಈ ಅಪಚಾರವೂ ಎರಡು ಸಲ. ಮೇಷ್ಟ್ರು ಪುಸ್ತಕ ಮೇಜಿನ ಮೇಲೆ ಕುಕ್ಕಿ, "ಇದೇನು ದೇವರ ಹಾಡಾ, ಇಲ್ಲಾ ಯಾರಿಗೋ ತೂ ಅಂತ ಉಗೀತಾ ಇದ್ದೀರಾ?" ಅನ್ನುತ್ತಿದ್ದರು. ಆಮೆನ್ ಕಥೆಯೂ ಅಷ್ಟೇ. 'ಆಮೆನ್ನು' ಅಂತ ಮುಗಿಸಿದ ದಿನ, "ಮೊದಲು ಆಮೆ, ಆಮೇಲೆ ಮೆನು, ಹೋಟ್ಲು ನಡೆಸ್ತಾ ಇದ್ದೀವಾ ಇಲ್ಲಿ?" ಅಂದರು. ಹೋಟ್ಲು. ನಾವ್ಯಾರೂ ಬಾಯಿ ಬಿಡಲಿಲ್ಲ.

ನಮ್ಮ ಸೆಮಿನಾರ್ ಹಾಲಿನಲ್ಲಿ ಆ ಬಾಲ ಕೇಳಿಸಿದರೂ ಅಂಥಾ ಅನಾಹುತ ಆಗುತ್ತಿರಲಿಲ್ಲ ಅನ್ನುವುದೂ ನಿಜ. ಥರ್ಮಾಕೋಲ್ ಚೌಕಗಳ ಫಾಲ್ಸ್ ಸೀಲಿಂಗು, ನೆಲಕ್ಕೆ ಕಾರ್ಪೆಟ್ಟು, ಆರು ಫ್ಯಾನು. ಬಾಯಿಂದ ಹೊರಟ ಸದ್ದು ಎರಡು ಮೀಟರು ಹೋಗುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಮೇಷ್ಟ್ರು ಮಾತ್ರ "ಅಲ್ಲಿ ಹೋದ್ಮೇಲೆ ಗೊತ್ತಾಗುತ್ತೆ ನಿಮಗೆ" ಅನ್ನುತ್ತಲೇ ಇದ್ದರು.

ಹೋಗಿದ್ದು ಹೇಗೆ ಅಂತ ಉದ್ದಕ್ಕೆ ಬರೆಯುವುದಿಲ್ಲ. ಇಂಗ್ಲೆಂಡಿನ ದೊಡ್ಡ ಕೆಥೆಡ್ರಲ್‌ಗಳಲ್ಲಿ ದಿನಾ ಸಂಜೆ 'ಈವ್‌ನ್‌ಸಾಂಗ್' ಅಂತ ಪ್ರಾರ್ಥನೆ ನಡೆಯುತ್ತದೆ, ಹೆಚ್ಚುಪಾಲು ಹಾಡಿನಲ್ಲೇ. ಬೇಸಿಗೆ ರಜೆಯಲ್ಲಿ ಅಲ್ಲಿನ ಸ್ವಂತ ಕ್ವಾಯರಿನ ಮಕ್ಕಳು ಊರಿಗೆ ಹೋಗುತ್ತಾರೆ. ಆಗ ಹೊರಗಿನ ಕ್ವಾಯರುಗಳಿಗೆ ಅವಕಾಶ. ಮೇಷ್ಟ್ರು ರೆಕಾರ್ಡಿಂಗ್ ಕಳಿಸಿದರು, ಒಪ್ಪಿಗೆ ಬಂತು. ಅಪ್ಪಂದಿರ ಸಾಲ, ಅಮ್ಮಂದಿರ ಚೀಟಿ ದುಡ್ಡು, ಹಳೇ ವಿದ್ಯಾರ್ಥಿಗಳ ಚಂದಾ. 26 ಜನ ಅರ್ಜಿ ಹಾಕಿದೆವು, ಇಬ್ಬರಿಗೆ ವೀಸಾ ಸಿಗಲಿಲ್ಲ, ಇಬ್ಬರೂ ಸೊಪ್ರಾನೊ, ಎಲ್ಲಕ್ಕಿಂತ ಮೇಲಿನ ದನಿಯ ಹುಡುಗಿಯರು. ಅವರು ಏರ್‌ಪೋರ್ಟಿಗೆ ಬಂದು ಕೈಬೀಸಿದರು. ಅದನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ.

ಹಾಡುವ ಹಿಂದಿನ ದಿನ ಟಿಕೆಟ್ ತೆಗೆದುಕೊಂಡು ಪ್ರವಾಸಿಗಳ ಹಾಗೆ ಒಳಗೆ ಹೋದೆವು. 1666ರ ಬೆಂಕಿಯಲ್ಲಿ ಹಳೇ ಕೆಥೆಡ್ರಲ್ ಸುಟ್ಟ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿದ್ದು ಇದು. 1675ರಲ್ಲಿ ಶುರುವಾಗಿ 1710ರ ಹೊತ್ತಿಗೆ ಮುಗಿಯಿತು. ಖರ್ಚು ಎಲ್ಲಿಂದ ಬಂತು ಗೊತ್ತಾ? ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಿ. ಅಂದರೆ ಊರಿನ ಪ್ರತಿ ಒಲೆಯೂ ಈ ಗುಮ್ಮಟಕ್ಕೆ ಒಂದೊಂದು ಕಲ್ಲು ಕೊಟ್ಟಿದೆ. ಗೈಡು ಎತ್ತರ 111 ಮೀಟರು ಅಂದ. ಕತ್ತು ನೋಯುವ ತನಕ ನೋಡಿದೆವು.

257 ಮೆಟ್ಟಿಲು ಹತ್ತಿದರೆ ಗುಮ್ಮಟದ ಒಳಸುತ್ತಿನಲ್ಲಿ ಪಿಸುಮಾತಿನ ಗ್ಯಾಲರಿ. ನಮ್ಮ ಜೊತೆ ಬಿಜಾಪುರದ ಹುಡುಗನೊಬ್ಬ ಇದ್ದ, ಬೇಸ್. (ಆಗಿನ್ನೂ ಊರು ವಿಜಯಪುರ ಆಗಿರಲಿಲ್ಲ, ಅದೇ ವರ್ಷ ನವೆಂಬರಿನಲ್ಲಿ ಆಯಿತು.) ಅವನು ಆ ಕಡೆ ಹೋಗಿ ಕೂತ, ನಾನು ಈ ಕಡೆ. ನಡುವೆ 30 ಮೀಟರಿಗೂ ಜಾಸ್ತಿ ಬಯಲು, ಕೆಳಗೆ ಇರುವೆಗಳ ಹಾಗೆ ಜನ. ಗೋಡೆಗೆ ಕಿವಿ ಇಟ್ಟೆ. "ಚಾ ಕುಡಿಯೂಣೇನ್ಲೇ?" ಅಂತ ಗೋಡೆ ಕೇಳಿತು.

ಕೆಳಗಿಳಿಯುವಾಗ ಅವನ ಮುಖದಲ್ಲಿ ಅಂಥಾ ಆಶ್ಚರ್ಯವೇನೂ ಇರಲಿಲ್ಲ. "ನಮ್ಮ ಗೋಲಗುಮ್ಮಟ ಇದಕ್ಕಿಂತ ದೊಡ್ಡದೈತಿ" ಅಂದ. ಸುಳ್ಳೇನಲ್ಲ. ಹೊರಗಿನ ಅಳತೆಯಲ್ಲಿ ಅದರ ವ್ಯಾಸ ಸುಮಾರು 44 ಮೀಟರು, ಕಟ್ಟಿ ಮುಗಿದದ್ದು 1656ರಲ್ಲಿ, ಅಂದರೆ ರೆನ್ ಇಲ್ಲಿ ಪಾಯ ತೋಡುವ 19 ವರ್ಷ ಮುಂಚೆ. ಎಂಟನೇ ಕ್ಲಾಸಿನ ಟ್ರಿಪ್ಪಿನಲ್ಲಿ ನಾನೂ ಅಲ್ಲಿ ಹೋಗಿದ್ದೆ. ಗೈಡು ಆ ತುದಿಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು ಈ ತುದಿಗೆ ಕೇಳಿಸಬೇಕಿತ್ತು, ಆದರೆ ನಮ್ಮ ಸ್ಕೂಲಿನ ಎರಡು ಬಸ್ಸಿನ ಮಕ್ಕಳು ಒಟ್ಟಿಗೆ "ಹೋ" ಅಂತ ಕಿರುಚುತ್ತಿದ್ದರು. ಕೇಳಿದ್ದು ಅದೊಂದೇ.

ಇದಕ್ಕೊಂದು ಬೆಂಗಳೂರಿನ ಕೊಂಡಿ ಇದೆ, ನನಗೆ ಗೊತ್ತಾದದ್ದು ಬಹಳ ತಡವಾಗಿ. 1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದ ಸಿ.ವಿ. ರಾಮನ್ ಇದೇ ಸೇಂಟ್ ಪಾಲ್ಸ್ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದ್ದರು. ಪಿಸುಮಾತು ಗುಮ್ಮಟದ ನೆತ್ತಿಗೆ ಹೋಗಿ ವಾಪಸ್ ಬರುವುದಿಲ್ಲ, ಗೋಡೆಯನ್ನೇ ತಬ್ಬಿಕೊಂಡು ಹರಿಯುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಮೊದಲೇ ತೋರಿಸಿದ್ದ. ರಾಮನ್ ಅದನ್ನು ಇನ್ನೂ ಕೆದಕಿದರು, ದೇಶಕ್ಕೆ ಬಂದ ಮೇಲೆ ಗೋಲಗುಮ್ಮಟದ ಗ್ಯಾಲರಿಯನ್ನೂ ಪರೀಕ್ಷಿಸಿ ಬರೆದರು. ಆ ಪ್ರಯಾಣದಿಂದ ಹಡಗಿನಲ್ಲಿ ವಾಪಸ್ ಬರುವಾಗಲೇ ಅವರಿಗೆ ಸಮುದ್ರ ಯಾಕೆ ನೀಲಿ ಅನ್ನುವ ಹುಳ ತಲೆಗೆ ಹೊಕ್ಕಿದ್ದು, ಮುಂದೆ ನೊಬೆಲ್ ತನಕ ಹೋದದ್ದು. ನಾವು ಸ್ಕೂಲಲ್ಲಿ ಆ ನೀಲಿ ಓದುತ್ತೇವೆ, ಈ ಪಿಸುಮಾತು ಓದುವುದಿಲ್ಲ. 1933ರಿಂದ ಅವರು ನಮ್ಮೂರಿನವರೇ. ಮೇಖ್ರಿ ಸರ್ಕಲ್ ಹತ್ತಿರ ಅವರ ಇನ್‌ಸ್ಟಿಟ್ಯೂಟ್ ಮುಂದೆ ಬಸ್ಸಿನಲ್ಲಿ ನೇತಾಡಿಕೊಂಡು ಎಷ್ಟು ಸಲ ಹೋಗಿದ್ದೀನೋ ಲೆಕ್ಕವಿಲ್ಲ.

ಸರಿ, ಹಾಡಿನ ದಿನಕ್ಕೆ ಬರೋಣ.

ಪ್ರಾರ್ಥನೆಗೆ ಮುಂಚೆ ಪ್ರಾಕ್ಟೀಸಿಗೆ ಸ್ವಲ್ಪ ಹೊತ್ತು ಕೊಟ್ಟಿದ್ದರು. ಕ್ವಾಯರು ಕೂರುವುದು ಗುಮ್ಮಟದ ಆಚೆ, ಎದುರುಬದುರು ಮರದ ಸಾಲುಗಳಲ್ಲಿ. ಒಂದು ಕಡೆಗೆ 'ಡೆಕೇನೈ', ಇನ್ನೊಂದು ಕಡೆಗೆ 'ಕ್ಯಾಂಟೋರಿಸ್' ಅಂತ ಹೆಸರು. ಕೀರ್ತನೆಯ ಒಂದು ಸಾಲು ಇವರದ್ದು, ಮುಂದಿನ ಸಾಲು ಅವರದ್ದು. ನನಗೆ ಜೀವ ಬಂದ ಹಾಗಾಯಿತು. ಇದು ಭಜನೆಯೇ ಅಲ್ವಾ? ಅಜ್ಜಿಯ ಮಂಡಳಿಯಲ್ಲೂ ಎರಡು ಸಾಲು ಹೀಗೇ ಕೂತು ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದದ್ದು. ವ್ಯತ್ಯಾಸ ಇಷ್ಟೇ, ಇಲ್ಲಿ ಬೆನ್ನ ಹಿಂದಿನ ಕೆತ್ತನೆ ಗ್ರಿನ್ಲಿಂಗ್ ಗಿಬ್ಬನ್ಸ್‌ನದ್ದು. ಮರದಲ್ಲಿ ಹಣ್ಣು, ಎಲೆ, ಪುಟ್ಟ ಮಕ್ಕಳ ಮುಖ, ಉಗುರು ತಾಗಿದರೆ ಮುರಿಯುತ್ತೇನೋ ಅನ್ನುವಷ್ಟು ತೆಳು. ನನ್ನ ಮೊಣಕೈ ಹತ್ತಿರ ಒಂದು ಎಲೆಯ ಅಂಚು ಸವೆದು ನುಣ್ಣಗಾಗಿತ್ತು. ಮುನ್ನೂರು ವರ್ಷದಲ್ಲಿ ಎಷ್ಟು ಮೊಣಕೈಗಳೋ. ನಮ್ಮ ಸೊಪ್ರಾನೊ ಹುಡುಗಿಯರು ಕೂತದ್ದು ಆಗ ಅಲ್ಲಿ ವರ್ಷವಿಡೀ ಹುಡುಗರು ಕೂರುತ್ತಿದ್ದ ಜಾಗದಲ್ಲಿ. ಆ ಕ್ವಾಯರಿಗೆ ಖಾಯಂ ಆಗಿ ಮೊದಲ ಮಹಿಳೆ ಸೇರಿದ್ದು ಅದಾಗಿ ಮೂರು ವರ್ಷಕ್ಕೆ, 2017ರಲ್ಲಿ.

ಟ್ಯಾಲಿಸ್ ಶುರು ಮಾಡಿದೆವು. ನಾಲ್ಕನೇ ಪದಕ್ಕೆ ಬರುವಷ್ಟರಲ್ಲಿ ದಿಕ್ಕು ತಪ್ಪಿತು. ಮೊದಲನೇ ಪದ ಇನ್ನೂ ಹೋಗಿರಲಿಲ್ಲ! ಮೇಲೆಲ್ಲೋ ಸುತ್ತುತ್ತಿತ್ತು. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಎದುರಿನ ಸಾಲಿನವರು ಹಿಂದೆ ಬಿದ್ದರು ಅನ್ನಿಸಿ ನಾವು ನಿಧಾನ ಮಾಡಿದೆವು, ನಾವು ನಿಧಾನ ಮಾಡಿದ್ದು ಕೇಳಿ ಅವರು ಇನ್ನೂ ನಿಧಾನ ಮಾಡಿದರು, ಹೀಗೇ ಹೋಗಿದ್ದರೆ ಹಾಡು ನಿಂತೇ ಹೋಗುತ್ತಿತ್ತು. ಮೇಷ್ಟ್ರು ನಿಲ್ಲಿಸಿದರು. "ಕಿವಿ ನಂಬಬೇಡಿ. ಕೈ ನೋಡಿ. ಕಿವಿಗೆ ಬರೋದೆಲ್ಲ ಹಳೇ ಸುದ್ದಿ." ಅವರು ಹೇಳಿದ್ದು ಸರಿಯಾದ ಭೌತಶಾಸ್ತ್ರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ, ಅಂದರೆ 34 ಮೀಟರ್ ಆಚೆಯ ಗೋಡೆಗೆ ಮುಟ್ಟಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಬಡಿದು ವಾಪಸ್ ಬರಲು ಇನ್ನೊಂದಷ್ಟು. ಹಾಡುವವನಿಗೆ ಅದೇ ದೊಡ್ಡ ಹೊತ್ತು.

ಮತ್ತೆ ಶುರು. ಈ ಸಲ ಮೇಷ್ಟ್ರ ಬೆರಳು ಬಿಟ್ಟು ಬೇರೇನೂ ನೋಡಲಿಲ್ಲ. ಪದ ಪದದ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟೆವು. ಚೆನ್ನಾಗಿ ಹೋಯಿತು, ಕೊನೇ ಪದದ ತನಕ. ಅಲ್ಲಿ 23 ಜನ ನಾಲಿಗೆ ತುದಿಯಲ್ಲಿ ಗಾಳಿ ಬಿಟ್ಟ ಹಾಗೆ 'ಥ್' ಅಂದು ಮುಗಿಸಿದರು. ನಾನು 'ತು' ಅಂದೆ.

ಸೇಂಟ್ ಪಾಲ್ಸ್ ಅದನ್ನು ತಗೊಂಡಿತು. ಗುಮ್ಮಟದೊಳಕ್ಕೆ ಹೊತ್ತೊಯ್ದು, ಉರುಟುರುಟಾಗಿ ತಿರುಗಿಸಿ, ಉದ್ದಕ್ಕೆ ಎಳೆದು, ಪಶ್ಚಿಮದ ಬಾಗಿಲ ತನಕ ಕಳಿಸಿತು. ತೂ... ಯಾರೋ ಮೇಲೆ ನಿಂತು ಇಡೀ ಲಂಡನ್ನಿಗೆ ಉಗಿದ ಹಾಗೆ. ಕ್ಯಾಮೆರಾ ಹಿಡಿದ ಪ್ರವಾಸಿಯೊಬ್ಬ ತಿರುಗಿ ನೋಡಿದ. ಮೇಷ್ಟ್ರು ನನ್ನನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಅದು ಮುಗಿಯುವ ತನಕ ಕಾದರು, ಅಷ್ಟೇ. ನಾನು ಎಣಿಸಿದೆ, ಒಂಬತ್ತರ ತನಕ ಹೋಯಿತು. ಜೀವನದಲ್ಲಿ ಅಷ್ಟು ಉದ್ದದ ಒಂಬತ್ತು ಇನ್ನೊಂದಿಲ್ಲ.

ಪ್ರಾರ್ಥನೆಯಲ್ಲಿ ತಪ್ಪು ಮಾಡಲಿಲ್ಲ. ಯಾಕೆಂದರೆ ಕೊನೇ ವ್ಯಂಜನವನ್ನು ನಾನು ಹಾಡಲೇ ಇಲ್ಲ, 'ಟ್ರೂ' ಅಂದು ಬಾಯಿ ತೆರೆದೇ ನಿಂತೆ, ಉಳಿದವರು ಮುಗಿಸಿಕೊಂಡರು. ಆಗ ಕೇಳಿದೆ. ಥ್ ಅಲ್ಲೇ ನಮ್ಮ ಸಾಲಿನಲ್ಲೇ ಬಿದ್ದುಹೋಯಿತು. ಮೇಲೆ ಹೋದದ್ದು ಊಕಾರ ಮಾತ್ರ. ವ್ಯಂಜನಗಳನ್ನು ಆ ಕಟ್ಟಡ ಕೆಳಗೇ ಬಿಟ್ಟು ಸ್ವರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಹಾಡು ಮುಗಿದ ಮೇಲೆ ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಪ್ರಾರ್ಥನೆ ಅಲ್ವಾ. ಹಾಗಾಗಿ ಕೊನೇ ತನಕ ಕೇಳಿಸಿತು. ನಮ್ಮಲ್ಲಿ ಮಂಗಳದ ಕೊನೇ ಅಕ್ಷರ ಮುಗಿಯುವ ಮುಂಚೆಯೇ ಚಪ್ಪಾಳೆ, ಕುರ್ಚಿ ಎಳೆಯುವ ಸದ್ದು, ಚಪ್ಪಲಿ ಹುಡುಕಾಟ.

ಎಲ್ಲ ಮುಗಿದು ಆರ್ಗನ್ನೂ ನಿಂತಿತ್ತು. ಜನ ಹೊರಗೆ ಹೋಗುತ್ತಿದ್ದರು. ನಾವು ಗುಮ್ಮಟದ ಕೆಳಗೆ ನೆಲದ ನಕ್ಷತ್ರದ ಸುತ್ತ ಸುಮ್ನೆ ನಿಂತಿದ್ದೆವು, ಹೊರಡಲು ಯಾರಿಗೂ ಮನಸ್ಸಿಲ್ಲ. ಕಪ್ಪು ನಿಲುವಂಗಿ ತೊಟ್ಟ ಒಬ್ಬರು ಕೀಲಿ ಗೊಂಚಲು ಹಿಡಿದು ಬಂದರು. ಬೈಯ್ಯುತ್ತಾರೆ ಅಂದುಕೊಂಡೆವು. ಬಾಗಿಲು ಹಾಕಲು ಇನ್ನೂ ಐದು ನಿಮಿಷ ಇದೆ, ನಿಮ್ಮ ಊರಿನದ್ದು ಏನಾದರೂ ಹಾಡುತ್ತೀರಾ ಅಂತ ಕೇಳಿದರು.

ನಮ್ಮ ಹತ್ತಿರ ಊರಿನದ್ದು ಅಂತ ಇದ್ದದ್ದು ಆ ಜೋಗುಳ ಒಂದೇ. ಹಾಸನದ ಕಡೆಯ ಆಲ್ಟೊ (ಸೊಪ್ರಾನೊಗಿಂತ ಕೆಳಗಿನ ದನಿ) ಹುಡುಗಿಯ ಅಜ್ಜಿ ಹಾಡುತ್ತಿದ್ದದ್ದು. ಮೇಷ್ಟ್ರು ಅದಕ್ಕೆ ನಾಲ್ಕು ದನಿ ಕೂಡಿಸಿಕೊಟ್ಟಿದ್ದರು, ಕಾಲೇಜ್ ಡೇಗೆ ಅಂತ. ಅಲ್ಲಿ ಹಾಡಿದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಮುಂದಿನದು ಫಿಲ್ಮಿ ಡ್ಯಾನ್ಸ್ ಇತ್ತು. ಮೇಷ್ಟ್ರು ನಮ್ಮನ್ನು ದುಂಡಗೆ ನಿಲ್ಲಿಸಿದರು. ಕೈ ಎತ್ತುವ ಮುಂಚೆ, "ಉಕಾರ ನುಂಗಬೇಡಿ. ಇವತ್ತು ಪೂರ್ತಿ ಬೇಕು" ಅಂದರು.

ಜೋಗುಳದಲ್ಲಿ ವ್ಯಂಜನದ ಮೇಲೆ ನಿಲ್ಲುವ ಪದ ಒಂದೂ ಇಲ್ಲ. ಹಾಡುವ ತನಕ ಅದು ನನಗೆ ಹೊಳೆದೇ ಇರಲಿಲ್ಲ. ಕಂದ, ತೊಟ್ಟಿಲು, ನಿದ್ದೆ, ಹಾಲು, ಜೋ. ಪ್ರತಿ ಪದವೂ ಬಾಯಿ ತೆರೆದೇ ಮುಗಿಯುತ್ತದೆ. ಕಾಯುವ ಕೆಲಸ ಇಲ್ಲ, ಕತ್ತರಿಸುವ ಕೆಲಸ ಇಲ್ಲ. ಬಿಟ್ಟರೆ ಸಾಕು, ಅದು ಮೇಲೆ ಹೋಗಿ ಹಿಂದಿನ ಪದದ ಜೊತೆ ಕೂತುಕೊಳ್ಳುತ್ತದೆ. ಟ್ಯಾಲಿಸ್‌ಗೆ ಬೆವರಿಳಿಸಿ ಮಾಡಿದ್ದು ಇಲ್ಲಿ ತಾನಾಗಿ ಆಗುತ್ತಿತ್ತು. ಬಿಜಾಪುರದವನ ಕೆಳಗಿನ ಸಾ ತಂಬೂರಿ ಹಾಗೆ ನಿಂತಿತ್ತು, ಅದರ ಮೇಲೆ ಹಿಂದಿನ ಸಾಲಿನ ಎಲ್ಲ ಸ್ವರ ತೇಲುತ್ತಿತ್ತು. 24 ಜನ ಹಾಡುತ್ತಿದ್ದೆವು, ಕೇಳಿದರೆ ಇನ್ನೂರು ಜನ ಅನ್ನಬೇಕು. ನನ್ನ ದನಿ ನನಗೆ ಎಲ್ಲೂ ಕೇಳಿಸಲಿಲ್ಲ.

ಕೊನೇ ಪದ 'ತೂಗು'. ಹೌದು, ಅದೇ ತೂ.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ನಾನಲ್ಲ, ನನ್ನ ಫೋನನ್ನು ಇಸ್ಕೊಂಡಿದ್ದ ಆಲ್ಟೊ ಹುಡುಗಿ. ಬ್ಯಾಗಿನ ಜೇಬಿನಲ್ಲಿತ್ತು, ಹಾಗಾಗಿ ಶುರುವಿನಲ್ಲಿ ಜಿಪ್ ಸದ್ದು, ಬಟ್ಟೆ ಉಜ್ಜುವ ಸದ್ದು. ಹಾಡು ಸ್ವಲ್ಪ ಮಂಕಾಗಿ ಕೇಳುತ್ತದೆ. ತೂಗು ಅಂದ ಮೇಲೆ ನಾವು ನಿಲ್ಲಿಸುತ್ತೇವೆ, ಉ ನಿಲ್ಲಿಸುವುದಿಲ್ಲ. ಭಾನುವಾರ ಅಮ್ಮನಿಗೂ ಕೇಳಿಸಿದೆ. ಒಗ್ಗರಣೆ ಹಾಕುತ್ತಿದ್ದವರು ಗ್ಯಾಸ್ ಆರಿಸಿ ಬಂದು ಕೂತರು. "ಕೊನೆಗೆ ಒಬ್ಬರೇ ಯಾರೋ ಹಾಡ್ತಾ ಇದ್ದಾರಲ್ಲ, ಯಾರದು?" ಅಂದರು. ಯಾರೂ ಇಲ್ಲ ಅಂದೆ. ಅವರು ನಂಬಲಿಲ್ಲ, ಇನ್ನೊಂದು ಸಲ ಹಾಕು ಅಂದರು.

ಇನ್ನೊಂದು ಸಲ ಹಾಕಿದಾಗ ನಾನೂ ಪೂರ್ತಿ ಕೊನೇ ತನಕ ಕೇಳಿದೆ. ಉ ತೆಳುವಾಗುತ್ತಾ, ದೂರ ಹೋಗುತ್ತಾ, ಇದೆಯೋ ಇಲ್ಲವೋ ಅನ್ನುವ ಹಾಗಾಗುತ್ತದೆ. ಕೀಲಿ ಗೊಂಚಲು ಒಮ್ಮೆ ಕಿಣಿ ಅನ್ನುತ್ತದೆ. ಆಮೇಲೆ ಫೋನಿಗೆ ತೀರಾ ಹತ್ತಿರದಲ್ಲಿ, ಮೂಗು ಏರಿಸಿಕೊಳ್ಳುತ್ತಾ, ಮೇಷ್ಟ್ರ ದನಿ: "ನಡೀರಿ ನಡೀರಿ, ಬಸ್ಸು ಬಂತಂತೆ."